ರಜೆಗೆ ಹೊರಟವರಿಗೆ ಟೈ ಏಕೆ

ರೆನಾಟಾ,

ನೀನು ಏಳುವಷ್ಟರಲ್ಲಿ ನಾನು ಬೇಕರಿಯಲ್ಲಿರುತ್ತೇನೆ. ಪಾಳಿ ಮುಗಿಸಿ, ಹಾಗೇ ನಿಮ್ಮಪ್ಪನ ಜೊತೆ ಶಿಕಾಗೊ ರೈಲು ಹತ್ತುತ್ತೇನೆ. ನಲವತ್ತನೇ ಮಹಡಿಯಲ್ಲಿ ನಿಂತು ಲಿಫ್ಟ್ ರಿಪೇರಿ ಮಾಡುವ ಮನುಷ್ಯನಿಗೆ ವಿಮಾನವೆಂದರೆ ಭಯ. ಇಪ್ಪತ್ತು ಗಂಟೆ ಕುಳಿತೇ ಹೋಗಬೇಕು.

ಲಸಾನ್ಯಾ ಫ್ರಿಜ್ಜಿನಲ್ಲಿದೆ. ಬಿಸಿ ಮಾಡಿಕೊಂಡು ಕೂತು ತಿನ್ನು. ಲೊರೆಟಾ ಅತ್ತೆ ಸಂಜೆ ಬರುತ್ತಾಳೆ. ಗುರುವಾರ ನಮ್ಮ ಬೀದಿ ಗುಡಿಸುವ ದಿನ, ಬೆಳಿಗ್ಗೆ ಎಂಟರೊಳಗೆ ಕಾರನ್ನು ಎದುರು ಬದಿಗೆ ಹಾಕಲು ಅವಳಿಗೆ ಹೇಳು, ಇಲ್ಲದಿದ್ದರೆ ದಂಡ ಬೀಳುತ್ತದೆ. ಒಮ್ಮೆ ಹೇಳಿದರೆ ಸಾಲದು.

ರಾತ್ರಿ ನಿದ್ದೆ ಬರದೆ ಮೂರು ಸಲ ಮಲಗಿ ಎದ್ದೆ. "ರಜೆಗೆ ಹೋಗೋರಿಗೆ ಟೈ ಯಾಕಮ್ಮಾ?" ಎಂದು ಅಪ್ಪನ ಪೆಟ್ಟಿಗೆ ನೋಡಿ ನೀನು ಕೇಳಿದಾಗ "ದೊಡ್ಡ ಹೋಟೆಲಲ್ಲಿ ಊಟ ಕಣೇ" ಅಂದೆನಲ್ಲ, ಅದು ಸುಳ್ಳು. ನಿಮ್ಮಪ್ಪನಿಗೆ ಶುಕ್ರವಾರ ಅಲ್ಲಿ ಸಂದರ್ಶನವಿದೆ. ಹೊಸಬರಿಗೆ ಲಿಫ್ಟ್ ಕೆಲಸ ಕಲಿಸುವ ಹುದ್ದೆ. ಅವರ ಮಂಡಿ ಇನ್ನು ಏಣಿ ಹತ್ತುವಂತಿಲ್ಲ. ಕೆಲಸ ಸಿಕ್ಕರೆ ಈ ಬೇಸಿಗೆಯಲ್ಲೇ ನಾವು ಮೂವರೂ ನ್ಯೂಯಾರ್ಕ್ ಬಿಡಬೇಕು. ನಿನ್ನ ಶಾಲೆಯ ಕೊನೆಯ ವರ್ಷ, ಗೆಳತಿಯರಿಲ್ಲದ ಊರಲ್ಲಿ.

"ಸಿಕ್ಕಿದ ಮೇಲೆ ಹೇಳೋಣ, ಈಗ್ಲೇ ಯಾಕೆ ಹುಡುಗೀನ ಅಳಿಸ್ತೀಯ?" ಅಂದರು ನಿಮ್ಮಪ್ಪ. ನಾನೂ ತಲೆಯಾಡಿಸಿದೆ. ತಲೆಯಾಡಿಸಬಾರದಿತ್ತು.

ಸಂದರ್ಶನ ಹತ್ತು ಗಂಟೆಗೆ. ಅದಕ್ಕೆ ಮುಂಚೆ ಫೋನ್ ಮಾಡು, ನನಗಲ್ಲ, ಅವರಿಗೇ. ಬೈಯಬೇಕೆನಿಸಿದರೆ ಬೈ. ಅಪ್ಪ ಪಾಪ ಎಂದು ಮಾತ್ರ ಹೂಂ ಅನ್ನಬೇಡ. ನಿನ್ನ ಮಾತು ಕೇಳುವವರೆಗೆ ಅವರನ್ನು ಹೋಟೆಲಿನ ಬಾಗಿಲು ದಾಟಲು ನಾನು ಬಿಡುವುದಿಲ್ಲ.

ಅಮ್ಮ