ಅಕ್ಕ ಎಂಬುದು ಅಮಾನ್ಯ ಮಾಹಿತಿ

ಸರ್ಕಾರಿ ಅರ್ಜಿಗಳ ಪರದೆಗಳಿಗೆಲ್ಲ ಫ್ರೇಮ್‌ವರ್ಕ್ ಎಂಬ ಸಿದ್ಧ ತಂತ್ರಾಂಶದ ಚೌಕಟ್ಟು ಒದಗಿಸುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಾನು ನನ್ನ ತಮ್ಮನಿಗೆ ಕಿಡ್ನಿ ಕೊಡಬೇಕು. ಡಾಕ್ಟರು ಒಪ್ಪಿದ್ದಾರೆ, ರಕ್ತ ಒಪ್ಪಿದೆ, ತಮ್ಮ ಗದಿಗೆಪ್ಪನೂ ಬಹಳ ಜಗಳದ ನಂತರ ಒಪ್ಪಿದ್ದಾನೆ. ಒಪ್ಪದೆ ಕೂತಿರುವುದು ನಿಮ್ಮ ಫ್ರೇಮ್‌ವರ್ಕ್ ಒಂದೇ. ಅನುಮತಿಯ ಅರ್ಜಿಯಲ್ಲಿ ನಮ್ಮಿಬ್ಬರ ಜನ್ಮದಿನಾಂಕ ತುಂಬಿದೊಡನೆ ಕೆಂಪಕ್ಷರ ಮೂಡುತ್ತದೆ: 'ಒಡಹುಟ್ಟಿದವರ ನಡುವೆ ಈ ಅಂತರ ಅಸಾಧ್ಯ. ಸಂಬಂಧ ಅಮಾನ್ಯ.'

ಅಸಾಧ್ಯವೇ, ಒಪ್ಪುತ್ತೇನೆ. ದಾಖಲೆಯ ಪ್ರಕಾರ ನಾನು ಅವನಿಗಿಂತ ನಾಲ್ಕೇ ತಿಂಗಳು ದೊಡ್ಡವಳು. ನಮ್ಮವ್ವ ಚನ್ನವ್ವ ಇಬ್ಬರನ್ನೂ ಒಂದೇ ದಿನ ವಿಜಯಪುರದ ಕಡೆಯ ನಮ್ಮೂರ ಶಾಲೆಗೆ ಸೇರಿಸಿದಳು. ಹುಟ್ಟಿದ್ದು ಯಾವಾಗ ಎಂದು ಮಾಸ್ತರರು ಕೇಳಿದ್ದಕ್ಕೆ, "ಈಕಿ ಕಾರಹುಣ್ಣಿವಿಗಿ ಹುಟ್ಯಾಳ್ರಿ, ಇಂವ ಸೀಗಿಹುಣ್ಣಿವಿಗಿ" ಅಂದಳು. ನಡುವೆ ಎರಡು ವರ್ಷ ಕಳೆದಿದ್ದನ್ನು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ಇಬ್ಬರಿಗೂ ಒಂದೇ ಇಸವಿ ಬಿತ್ತು. ಮುಂದಿನ ಕಾಗದಗಳೆಲ್ಲ ಅದನ್ನೇ ನಕಲು ಮಾಡಿದವು. ನಮ್ಮವ್ವನಿಗೆ ಅಷ್ಟು ಅವಸರವೇನಿತ್ತು ಎಂದು ಈವರೆಗೆ ಯಾರೂ ಆಕ್ಷೇಪಿಸಿರಲಿಲ್ಲ.

ನಾನು ಮುಂಬಯಿಯ ಕಾಂದಿವಲಿಯ ಕಂಪನಿಯೊಂದರಲ್ಲಿ ಟೆಸ್ಟರ್. ಬೇರೆಯವರು ಮಾಡಿದ ಪರದೆಗಳಲ್ಲಿ ಬೇಕೆಂದೇ ತಪ್ಪು ತುಂಬಿ ಸಂಬಳ ಪಡೆಯುವವಳು. ಆದ್ದರಿಂದ ಫ್ರೇಮ್‌ವರ್ಕಿನೊಳಗೆ ತಪಾಸಣೆಯೇ ಇರಬಾರದೆಂದು ನಾನು ಹೇಳಲಾರೆ. ಇರಲಿ. ಫೋನ್ ನಂಬರಿನಲ್ಲಿ ಅಕ್ಷರ ಬಿದ್ದರೆ ತಡೆಯಲಿ, ಫೆಬ್ರವರಿ ಮೂವತ್ತನ್ನು ತಡೆಯಲಿ. ಪ್ರತಿ ಕಚೇರಿಯೂ ಅದನ್ನೇ ಹೊಸದಾಗಿ ಬರೆದು ಹೊಸದಾಗಿ ಕೆಡಿಸುವುದು ಬೇಡ. ಆದರೆ ಯಾರು ಯಾರಿಗೆ ಏನಾಗಬೇಕೆಂಬುದನ್ನೂ ಒಳಗೇ ತುಂಬಿ ಕಳಿಸಿ, ಅದನ್ನು ಸಡಿಲಿಸುವ ಅಧಿಕಾರ ಯಾರಿಗೂ ಕೊಡದಿರುವುದು ಯಾವ ನ್ಯಾಯ? ನಮ್ಮವ್ವನ ಬಾಣಂತನಕ್ಕೆ ತಾವು ಬಂದಿದ್ದಿರಾ?

ಅನುಮತಿ ಕೊಡುವ ಬಾಂದ್ರಾ ಕಚೇರಿಯ ಗುಮಾಸ್ತೆ ಶುಭಾಂಗಿ ಮ್ಯಾಡಮ್ ಒಳ್ಳೆಯವರು. ಡಾಕ್ಟರ ವರದಿ ನೋಡಿ, ನಮ್ಮಿಬ್ಬರ ಮೂಗು ನೋಡಿ, "ಬೆಹನ್ ಹೀ ಹೈ, ದಿಖ್ತಾ ಹೈ. ಪರ್ ಸಿಸ್ಟಮ್ ನಹೀ ಲೇತಾ" ಎಂದರು. ಅಕ್ಕನೆಂದು ಅವರ ಕಣ್ಣಿಗೆ ಕಾಣುತ್ತದೆ, ಸಿಸ್ಟಮ್ ಮಾತ್ರ ತೆಗೆದುಕೊಳ್ಳುವುದಿಲ್ಲ. ಸಂಬಂಧದ ಜಾಗದಲ್ಲಿ 'ಇತರೆ' ಹಾಕಿ ನೋಡಿ ಎಂದು ಉಪಾಯವನ್ನೂ ಹೇಳಿಕೊಟ್ಟರು. ಹಾಕಿದೆ. ಪರದೆ ಹಸಿರಾಯಿತು, ನಾನು ಹೊರಗಿನವಳಾದೆ. ಹೊರಗಿನವರು ಕಿಡ್ನಿ ಕೊಟ್ಟರೆ, ಮಾರುತ್ತಿಲ್ಲ ತಾನೇ ಎಂದು ಇನ್ನೊಂದು ಸಮಿತಿ ವಿಚಾರಿಸಬೇಕಂತೆ. ಅದರ ಸರದಿ ಯಾವಾಗ ಬರುವುದೋ ಅವರಿಗೂ ಗೊತ್ತಿಲ್ಲ. ಅರ್ಜಿ ವಾಪಸು ಪಡೆದೆ.

ದಾಖಲೆ ತಿದ್ದಿಸಬಾರದೇ ಎನ್ನುತ್ತೀರಿ. ಅದಕ್ಕೆ ಕೋರ್ಟಿನ ಆದೇಶ ಬೇಕಂತೆ, ಕೋರ್ಟಿಗೆ ವರ್ಷಗಳು ಬೇಕು. ಗದಿಗೆಪ್ಪನ ಬಳಿ ಅಷ್ಟಿಲ್ಲ. ನನಗೆ ಹೆದರಿಕೆಯಾಗಿದೆ, ಸಿಟ್ಟೂ ಬಂದಿದೆ.

ನನ್ನ ಬೇಡಿಕೆ ಇಷ್ಟೇ. ಇಂಥ ಕೆಂಪಕ್ಷರದ ಕೆಳಗೆ 'ಗೊತ್ತಿದೆ, ಆದರೂ ಮುಂದೆ ಕಳಿಸಿ' ಎಂಬ ಗುಂಡಿಯೊಂದನ್ನು ಇಡಿ. ಆಚೆ ತುದಿಯಲ್ಲಿ ಒಬ್ಬ ಮನುಷ್ಯ ಓದಲಿ. ಬೇಡವೆನ್ನುವುದಾದರೆ ಅವನೇ ಅನ್ನಲಿ.

ನಿನ್ನೆ ಡಯಾಲಿಸಿಸ್ ಮುಗಿಸಿ ಬರುವಾಗ ಲೋಕಲ್ ರೈಲಿನಲ್ಲಿ ನನ್ನ ಹೆಗಲಿಗೆ ಒರಗಿ ಕೂತಿದ್ದ ಗದಿಗೆಪ್ಪ ಕೇಳಿದ: "ಅಕ್ಕಾ, ಆ ಮಷೀನ್ ಒಪ್ಪೂತನಾ ನಾ ಇರ್ತೀನೇನಬೇ?"

ಈ ಪ್ರಶ್ನೆಯನ್ನು ಖಾಲಿ ಬಿಡುವಂತಿಲ್ಲ. ಉತ್ತರವನ್ನು ದಯವಿಟ್ಟು ತಾವೇ ತುಂಬಿ.

ಇಂತಿ,
ಅಕ್ಕನಾಗಲು ಇನ್ನೂ ಅನುಮತಿ ಸಿಗದ
ನಾಗರತ್ನಾ, ಭಾಂಡುಪ್