ಗಾಡಿ ಕುಲುಕುವುದು ನಿಂತ ಮೇಲೆ

ಮಾರ್ಚ್ ೫, ಮಂಗಳವಾರ
ಆಸ್ಪತ್ರೆಯಿಂದ ಈಗಷ್ಟೇ ಬಂದೆವು. ಇವತ್ತೂ ಅದೇ — ಹಳ್ಳ ಸಿಕ್ಕಾಗೆಲ್ಲ ಕಾರಿನ ಮುಂಭಾಗ ಢಣ್ ಎನ್ನುತ್ತದೆ, ಪಕ್ಕದ ಸೀಟಿನಲ್ಲಿ ಇವರು ಹಲ್ಲು ಕಚ್ಚುತ್ತಾರೆ. ಬೆನ್ನುಮೂಳೆಯ ಗಡ್ಡೆಗೆ ರೇಡಿಯೇಷನ್ ಶುರುವಾಗಿ ಮೂರನೇ ವಾರ. ಡಾಕ್ಟರ್ ಕೇಳಿದರು, "ನೋವು ಇಷ್ಟೊತ್ತಿಗೆ ಕಮ್ಮಿ ಆಗ್ಬೇಕಿತ್ತಲ್ಲ?"
"ಗಾಡಿ ಕುಲುಕತ್ತೆ ಡಾಕ್ಟ್ರೇ. ಅದಕ್ಕೇ," ಎಂದರು ಇವರು.
ಟ್ಯಾಕ್ಸಿಯಲ್ಲಿ ಹೋಗೋಣ ಎಂದರೆ ಮೈಮೇಲೇ ಬರುತ್ತಾರೆ.

ಮಾರ್ಚ್ ೬
ಮೆಕ್ಯಾನಿಕ್ ಬಾನೆಟ್ ಮೇಲೆ ಕೈಯಿಟ್ಟು ಒತ್ತಿದ. ಗಾಡಿ ತೊಟ್ಟಿಲಿನಂತೆ ತೂಗಿತು.
"ಅಕ್ಕಾ, ಮುಂದಿನ ಶಾಕಪ್ ಎರಡೂ ಹೋಗಿವೆ, ಅದಕ್ಕೇ ಈ ಕುಲುಕಾಟ. ಎಣ್ಣೆಯೆಲ್ಲ ಸೋರಿದೆ. ಈ ಹಳೇ ಗಾಡಿ ಯಾಕೆ? ಗುಜರಿಗೆ ಕೊಟ್ಬಿಡಿ."
ಇವರಿಗೆ ರೇಗಿತು. "ನಿನ್ನ ಕೇಳಿದ್ನಾ? ಪಾರ್ಟ್ಸ್ ತರಿಸ್ಕೊಡು. ನಾನೇ ಹಾಕ್ಕೋತೀನಿ."
ಲೋಟ ಎತ್ತಿದರೆ ಕೈ ನಡುಗುವ ಮನುಷ್ಯ. 'ನಾನೇ' ಎಂದರೆ ಯಾರೆಂದು ನನಗೆ ಆಗಲೇ ಗೊತ್ತಾಯಿತು. ಮೂವತ್ತು ವರ್ಷದ ಸಂಸಾರದಲ್ಲಿ ಒಂದು ಸ್ಪ್ಯಾನರ್ ಮುಟ್ಟಿದವಳಲ್ಲ.

ಮಾರ್ಚ್ ೯, ಶನಿವಾರ
ಆಸ್ಪತ್ರೆಗೆ ರಜೆ. ಮೆಕ್ಯಾನಿಕ್ ತರಿಸಿದ ಹೊಸ ಶಾಕಪ್ ಬಂದಿವೆ. ಅಂಗಳದಲ್ಲಿ ಇವರು — ಕುರ್ಚಿ, ಬೆನ್ನಿಗೆ ದಿಂಬು. ನೆಲದಲ್ಲಿ ನಾನು — ಇವರ ಹಳೇ ಪ್ಯಾಂಟು, ಮೊಣಕೈವರೆಗೂ ಗ್ರೀಸು. ಜಾಕ್ ಎತ್ತಿ, ಸ್ಟ್ಯಾಂಡ್ ಕೊಟ್ಟು, ಎಡಗಡೆ ಚಕ್ರ ಬಿಚ್ಚಿದೆ. ಕೆಳಗಿನ ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು.
"ಎಣ್ಣೆ ಬಿಟ್ಟು ಕಾಯಿ."
"ಕಾದೆ."
"ಎಲ್ಲಿ ಕಾದೆ? ಯಾವಾಗ್ಲೂ ಅವಸರ ನಿಂಗೆ."
"ಹಾಗಾದ್ರೆ ನೀವೇ ಬನ್ನಿ," ಅಂದುಬಿಟ್ಟೆ.
ಆಡಬಾರದಿತ್ತು. ಮತ್ತೆ ಎಣ್ಣೆ ಬಿಟ್ಟು ಕಾದೆ; ಬೋಲ್ಟುಗಳು ಸಡಿಲವಾದವು.
ಹಳೇ ಶಾಕಪ್ ಮೇಲಿನ ಸ್ಪ್ರಿಂಗನ್ನು ಎರಡು ಕಡೆ ಕೊಕ್ಕೆ ಹಾಕಿ ಅದುಮಿ, ಬಿಚ್ಚಿ, ಹೊಸದಕ್ಕೆ ಕೂರಿಸಬೇಕು. ಅದುಮುವಾಗ ಒಂದು ಕೊಕ್ಕೆ ಜಾರಿತು — ಟಪ್! ಜೀವ ಬಾಯಿಗೆ ಬಂತು. ಪುಣ್ಯಕ್ಕೆ ಇನ್ನೊಂದು ತಡೆಯಿತು. ನೋಡಿದರೆ ಇವರು ಕುರ್ಚಿಯಲ್ಲಿಲ್ಲ. ನನ್ನ ಪಕ್ಕ ಮಂಡಿಯೂರಿ, ಎರಡು ಕೈಯಲ್ಲೂ ನನ್ನ ಮುಖ ಹಿಡಿದು ಆಚೆ ತಿರುಗಿಸಿದ್ದಾರೆ.
"ಮುಖ ಅಲ್ಲಿಡ್ಬೇಡ ಅಂತ ಹೇಳಿದ್ನಲ್ಲೇ!"
ಹೇಗೆ ಅಲ್ಲಿಗೆ ಬಂದರೋ ಕಾಣೆ. ಎಬ್ಬಿಸಿ ಕೂರಿಸುವಷ್ಟರಲ್ಲಿ ಸಾಕುಬೇಕಾಯಿತು. ಎಡಗಡೆ ಮುಗಿಯಿತು. ನನ್ನ ಸೊಂಟವೂ.

ಮಾರ್ಚ್ ೧೦, ಮಧ್ಯಾಹ್ನ
ಬಲಗಡೆ ಒಬ್ಬಳೇ ಹಾಕಿದೆ. ನಿನ್ನೆ ಮಂಡಿಯೂರಿದ್ದಕ್ಕೆ ಇವರು ಇವತ್ತು ಹಾಸಿಗೆ ಬಿಟ್ಟೇಳಲಿಲ್ಲ. ಕಿಟಕಿಯಿಂದಲೇ ಕೂಗು.
"ಮೇಲಿನ ನಟ್ಟು ಮೂರೂ ಹಾಕಿದ್ಯಾ?"
"ಹೂಂ."
"ಬ್ರೇಕ್ ಪೈಪು ತಿರುಚಿಲ್ಲ ತಾನೆ?"
"ಇಲ್ಲಾ ರೀ, ತಲೆ ತಿನ್ಬೇಡಿ."
ಕೊನೆಗೆ ಬಾನೆಟ್ ಒತ್ತಿದೆ. ಇಳಿಯಿತು, ಎದ್ದಿತು, ನಿಂತುಬಿಟ್ಟಿತು. ಒಬ್ಬಳೇ ನಕ್ಕೆ... ಎಷ್ಟು ದಿನವಾಗಿತ್ತೋ.

ಮಾರ್ಚ್ ೧೨
ನಿನ್ನೆ ಬರೆಯಲು ಕೈ ಏಳಲಿಲ್ಲ.
ನಿನ್ನೆ ಬೆಳಿಗ್ಗೆ ಮೊದಲು ಚಕ್ರಗಳ ಅಲೈನ್‌ಮೆಂಟ್. ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ಬಂದ. "ನಾನು ಹಾಕಿದ್ರೂ ಇಷ್ಟೇ ಅಕ್ಕಾ." ಇವರು ಮೀಸೆಯಲ್ಲೇ ನಕ್ಕರು. ಆಮೇಲೆ ಆಸ್ಪತ್ರೆಯ ದಾರಿ. ಅದೇ ಹಳ್ಳಗಳು. ಸದ್ದಿಲ್ಲ. ಖುಷಿಯಲ್ಲಿ ಇವರತ್ತ ತಿರುಗಿದೆ.
ಹಲ್ಲು ಕಚ್ಚಿದ್ದರು.
ಹೊಸ ಟಾರು ಹಾಕಿದ ರಸ್ತೆಯಲ್ಲೂ. ಸಿಗ್ನಲ್‌ನಲ್ಲಿ ಗಾಡಿ ನಿಂತಿತ್ತು, ಎಂಜಿನ್ ಕೂಡ ಆರಿಸಿದ್ದೆ — ಆಗ ಇವರ ಬಾಯಿಂದ ಸಣ್ಣ ನರಳಿಕೆ. ಇಬ್ಬರಿಗೂ ಕೇಳಿಸಿತು.
ಡಾಕ್ಟರ್ ಕೇಳಿದಾಗ ಈ ಸಲ ಇವರು ಗಾಡಿಯ ಹೆಸರೆತ್ತಲಿಲ್ಲ. ಗುರುವಾರ ಮತ್ತೆ ಸ್ಕ್ಯಾನ್.

ಮಾರ್ಚ್ ೧೩, ಸಂಜೆ
ಆಸ್ಪತ್ರೆಯಿಂದ ಬಂದಾಗಿನಿಂದ ಗೋಡೆ ನೋಡುತ್ತಿದ್ದವರು ಈಗ ಎದ್ದು ಕೂತರು.
"ಬಲಗಡೇದು ಸರಿಯಾಗಿ ಕೂತಿಲ್ಲ ಅನ್ಸತ್ತೆ ಕಣೇ. ಬಿಚ್ಚಿ ನೋಡೋಣ್ವಾ?"
ಸರಿಯಾಗಿಯೇ ಕೂತಿದೆ. ನನಗೆ ಗೊತ್ತು. ಇವರಿಗೂ.
"ಇರ್ಬಹುದು ರೀ," ಎಂದೆ. "ನಟ್ಟು ಸಡಿಲ ಬಿಟ್ಟಿದ್ದೆನೇನೋ."
"ನೋಡು! ನಂಗೊತ್ತಿತ್ತು!" ಮುಖ ಅರಳಿತು. "ಬೆಳಕು ಇನ್ನೂ ಇದೆ. ಏಳು, ಏಳು."
ಕುರ್ಚಿಯನ್ನು ತಾವೇ ಎಳೆದುಕೊಂಡು ಹೊರಗೆ ಹೋಗಿದ್ದಾರೆ. ಜಾಕ್ ಎಲ್ಲಿಟ್ಟೆ ಎಂದು ಕೂಗುತ್ತಿದ್ದಾರೆ. ನಾನಿನ್ನೂ ಇಲ್ಲೇ... ಬಂದೆ ರೀ ಎಂದು ಕೂಗಿದೆ. ಇವರ ಹಳೇ ಪ್ಯಾಂಟು ಹುಡುಕಬೇಕು.