ಆದಿತ್ಯವಾರದ ಅಳತೆ

ಬ್ರಹ್ಮಾವರ
14-11-2024, ಗುರುವಾರ

ಧನ್ಯಶ್ರೀಯ ಅಪ್ಪಯ್ಯನವರಿಗೆ,

ಸ್ವಾತಿ ಮಾಡುವ ನಮಸ್ಕಾರ. ಕ್ಷೇಮ ಎಂದು ಬರೆಯಲು ಮನಸ್ಸು ಬರಲಿಲ್ಲ, ಆ ಸಾಲನ್ನು ಬಿಟ್ಟಿದ್ದೇನೆ. ಫೋನು ಮಾಡಬಹುದಿತ್ತಲ್ಲ ಎಂದು ನೀವು ಹುಬ್ಬು ಗಂಟಿಕ್ಕುವುದು ಇಲ್ಲಿಂದಲೇ ಕಾಣುತ್ತದೆ. ಫೋನಿನಲ್ಲಿ ನೀವು ಹ್ಞೂಂ ಎನ್ನುತ್ತೀರಿ, ನಾನು ರೇಗುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ. ವಾಟ್ಸಾಪಿನಲ್ಲಿ ಬರೆದರೆ, ಆದಿತ್ಯವಾರ ಜಾವೆಲಿನ್ ಎಸೆತದ ವೀಡಿಯೊ ನೋಡಲು ನಿಮ್ಮ ಫೋನು ಕಸಿದುಕೊಳ್ಳುವ ಮಗಳ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಬೈಂದೂರಿನಲ್ಲಿ ನೀವು ಆಟ ಕಲಿಸುವ ಶಾಲೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಆದಿತ್ಯವಾರದ ಮೊದಲು ಸಿಕ್ಕರೆ ಸಾಕು.

ಧನ್ಯನ ಬಲ ಹೆಗಲು ಕೆಟ್ಟಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ಗೊತ್ತಾದದ್ದು ಜಡೆಯಿಂದ. ಐದನೇ ಕ್ಲಾಸಿನಿಂದ ತನ್ನ ತಲೆ ತಾನೇ ಬಾಚಿಕೊಳ್ಳುವ ಹುಡುಗಿ, ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಬಾಚಣಿಗೆ ಹಿಡಿದುಕೊಂಡು ಬಂದು ನನ್ನ ಮುಂದೆ ಕುಳಿತಳು. ನನಗೆ ಖುಷಿಯೇ ಆಯಿತು. ದೊಡ್ಡವಳಾದರೂ ಅಮ್ಮ ಬೇಕಾಯಿತಲ್ಲ ಎಂದುಕೊಂಡು, ಎಣ್ಣೆ ಹಚ್ಚಿ ನಿಧಾನವಾಗಿ ಹೆಣೆದೆ. ಮರುದಿನವೂ ಬಂದಳು, ಅದರ ಮರುದಿನವೂ. ಈ ಸೋಮವಾರ ಬೆಳಿಗ್ಗೆ ಯೂನಿಫಾರ್ಮಿನ ತೋಳಿಗೆ ಕೈ ತೂರಿಸುವಾಗ ಅವಳ ಮುಖ ಕಿವುಚಿಕೊಂಡದ್ದನ್ನು ನೋಡಿದೆ. ಆ ಕೈ ನೋವಿಲ್ಲದೆ ತಲೆಯ ಮೇಲಕ್ಕೆ ಏಳುವುದೇ ಇಲ್ಲ. ನಾನು ಅಷ್ಟು ದಿನ ಖುಷಿಪಟ್ಟಿದ್ದು ಅದಕ್ಕೆ.

ನಿಮಗೆ ಹೇಳದೆ ಅಂದೇ ಮೂಳೆ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಸ್ಕ್ಯಾನ್ ಆಯಿತು. ಹೆಗಲಿನೊಳಗೆ ಸ್ನಾಯುವನ್ನು ಮೂಳೆಗೆ ಹಿಡಿದಿಡುವ ನಾರು ಅರ್ಧ ಹರಿದಿದೆಯಂತೆ. ಈಗಲೇ ನಿಲ್ಲಿಸಿದರೆ ಕೂಡಿಕೊಳ್ಳಬಹುದು. ಡಿಸೆಂಬರಿನ ರಾಜ್ಯಮಟ್ಟದ ಕ್ರೀಡಾಕೂಟಕ್ಕೆಂದು ಎಸೆಯುತ್ತ ಹೋದರೆ ಪೂರ್ತಿ ಹರಿಯುತ್ತದೆ, ಆಮೇಲೆ ಆಪರೇಶನ್ ಮಾಡಿದರೂ ಕೈ ಮೊದಲಿನಂತಾಗುವ ಭರವಸೆ ಇಲ್ಲ ಎಂದರು. ನೋವಿದ್ದೂ ಯಾಕೆ ಎಸೆದೆ ಎಂದು ಅವರು ಕೇಳಿದಾಗ ನಿಮ್ಮ ಮಗಳು ಹೇಳಿದ ಮಾತು ಇದು: "ನೋಯ್ತಾ ಇತ್ತ್ ಡಾಕ್ಟ್ರೇ, ಆರೆ ಜಾವೆಲಿನ್ ದೂರ ಹೋತಾ ಇತ್ತಲ್ದಾ. ದೂರ ಹೋತಾ ಇದ್ರೆ ಕೈ ಸರಿ ಇತ್ತ್ ಅಂದೇ ಅಲ್ದಾ?"

ಈ ಮಾತಿಗಾಗಿಯೇ ಪತ್ರ ಬರೆಯುತ್ತಿರುವುದು.

ಮೊದಲು ನನಗೆ ನಿಮ್ಮ ಮೇಲೆ ಸಿಟ್ಟು ಬಂದದ್ದು ಟ್ಯೂಬಿನ ವಿಷಯಕ್ಕೆ. ನಮ್ಮ ಕಿಟಕಿಯ ಸರಳಿಗೆ ನೀವು ಕಟ್ಟಿಸಿದ ಸೈಕಲ್ ಟ್ಯೂಬನ್ನು ಅವಳು ಬೆಳಿಗ್ಗೆ ಸಂಜೆ, ಮೊಣಕೈಯನ್ನು ಸೊಂಟಕ್ಕೆ ಒತ್ತಿಕೊಂಡು, ಹೊರಗೆ ಎಳೆಯುತ್ತಾಳೆ. ಸೆಪ್ಟೆಂಬರಿನಲ್ಲಿ ಎಸೆಯುವಾಗ ಮೊಣಕೈ ಕೆಳಗೆ ಬೀಳತೊಡಗಿತು. ಹೆಗಲಿಗೆ ಬಲ ಸಾಲದು ಎಂದು ನೀವು ಎರಡನೇ ಟ್ಯೂಬು ಕಟ್ಟಿಸಿದಿರಿ. ಅದು ಬಲ ಸಾಲದೆ ಬಿದ್ದ ಮೊಣಕೈ ಅಲ್ಲ, ನೋವು ತಪ್ಪಿಸಿಕೊಳ್ಳಲು ಇಳಿದ ಮೊಣಕೈ. ನಿಮ್ಮ ಶಾಲೆಯ ಹುಡುಗ ಚಂದು ಹೀಗೇ ಮೊಣಕೈ ಇಳಿಸಿದಾಗ, "ಮೂರ್ ವಾರ ಜಾವೆಲಿನ್ ಮುಟ್ರೆ ಕಾಣ್" ಎಂದು ಗದರಿಸಿ ಮನೆಗೆ ಅಟ್ಟಿದವರು ನೀವು. ಊರ ಮಕ್ಕಳ ನೋವು ದೂರದಿಂದಲೇ ತಿಳಿಯುವವರಿಗೆ ಸ್ವಂತ ಮಗಳದ್ದು ಕಾಣಲಿಲ್ಲವೇ ಎಂದು ನಾನು ಅಡಿಗೆಮನೆಯಲ್ಲಿ ಒಬ್ಬಳೇ ಬೈದುಕೊಂಡೆ.

ಆಮೇಲೆ ಕಳೆದ ಆದಿತ್ಯವಾರ ನೆನಪಾಯಿತು.

ನಾವು ಬೇರೆಯಾದ ಮೇಲೆ ಪ್ರತಿ ಆದಿತ್ಯವಾರ ನೀವು ಬೈಂದೂರಿನಿಂದ, ನಾವು ಬ್ರಹ್ಮಾವರದಿಂದ ಬಸ್ಸು ಹತ್ತಿ, ನಡುವಿನ ಕುಂದಾಪುರದ ಮೈದಾನದಲ್ಲಿ ಸೇರುತ್ತೇವೆ. ಅವಳು ಎಸೆಯುತ್ತಾಳೆ. ಜಾವೆಲಿನ್ ಊರಿದಲ್ಲಿ ಟೇಪಿನ ತುದಿ ಹಿಡಿದು ಕೂರುವುದು ನನ್ನ ಕೆಲಸ, ಗೆರೆಯ ಹತ್ತಿರ ನಿಂತು ಸಂಖ್ಯೆ ಓದಿ ಕೂಗುವುದು ನಿಮ್ಮದು. ಗಂಡ ಹೆಂಡತಿ ಎನಿಸಿಕೊಂಡ ನಮ್ಮ ನಡುವೆ ಈಗ ಉಳಿದಿರುವ ಮಾತೆಂದರೆ ಆ ಸಂಖ್ಯೆ ಮಾತ್ರ. ಮುಗಿದ ಮೇಲೆ ಮೂವರೂ ಮೈದಾನದ ಎದುರಿನ ಚಂದಯ್ಯನ ಅಂಗಡಿಯಲ್ಲಿ ಚಾ ಕುಡಿಯುತ್ತೇವೆ. ಅವರು ಇನ್ನೂ ನಮ್ಮದು ಒಂದೇ ಮನೆ ಎಂದುಕೊಂಡಿದ್ದಾರೆ, ನಾವು ಯಾರೂ ತಿದ್ದಿಲ್ಲ.

ಮಳೆಗಾಲದ ಮುಂಚೆ ಅವಳ ಜಾವೆಲಿನ್ ಮೈದಾನದ ಬದಿಯ ಲೈಟು ಕಂಬ ದಾಟಿ ಬೀಳುತ್ತಿತ್ತು. ನೀವು ಮೂವತ್ತಾರು ಎನ್ನುತ್ತಿದ್ದಿರಿ. ಈಗ ಕಂಬ ಮುಟ್ಟುವ ಮೊದಲೇ ಬೀಳುತ್ತದೆ. ಎಸೆಯುವ ಕಡೆಯಿಂದ ಅದು ತಿಳಿಯದು, ಬೀಳುವ ಕಡೆ ಕೂತವಳಿಗೆ ತಿಳಿಯುತ್ತದೆ. ಆದರೂ ಕಳೆದ ಆದಿತ್ಯವಾರ ನೀವು ಮೂವತ್ತೆಂಟು ಎಂದು ಕೂಗಿದಿರಿ.

ನೀವು ಟೇಪು ತಪ್ಪು ಓದುವವರಲ್ಲ. ಕೂಟಕ್ಕಾಗಿ, ಹೆಸರಿಗಾಗಿ ಸುಳ್ಳು ಹೇಳುವವರೂ ಅಲ್ಲ, ಅಷ್ಟು ನಾನು ಬಲ್ಲೆ. ಎಸೆತ ಕುಗ್ಗಿತೆಂದರೆ ಅವಳು ಕುಗ್ಗುತ್ತಾಳೆ, ಕುಗ್ಗಿದರೆ ಬಿಡುತ್ತಾಳೆ, ಬಿಟ್ಟರೆ ನಾವು ಮೂವರು ಸೇರುವ ಆದಿತ್ಯವಾರ ಇಲ್ಲ. ಹಾಗೆಂದೇ ಮೊಣಕೈ ಕಂಡರೂ ಕಾಣದಂತೆ ಇದ್ದಿರಿ. ಬೈಯಲು ಕೂತವಳಿಗೆ ಇದು ಹೊಳೆದ ಮೇಲೆ ಬೈಗುಳ ಬಾಯಿಂದ ಹೊರಡಲಿಲ್ಲ. ಆದರೆ ಹುಡುಗಿ ಆ ಸುಳ್ಳನ್ನು ನಂಬಿ ಕೈ ಹರಿದುಕೊಂಡಿದ್ದಾಳೆ. ಇದನ್ನು ನೀವು ತಿಳಿದಿರಬೇಕು.

ಡಾಕ್ಟರಲ್ಲಿಂದ ಬರುವಾಗ ಬಸ್ಸಿನಲ್ಲಿ, ಇನ್ನು ಜಾವೆಲಿನ್ ಮುಟ್ಟಬೇಡ ಎಂದೆ. ಅವಳು ಅತ್ತಳು. "ಅಪ್ಪಯ್ಯನ್ ಹತ್ರ ಹೇಳ್ಬೇಡ ಅಮ್ಮಾ. ನಾ ಎಸೂದ್ ಬಿಟ್ರೆ ನೀವಿಬ್ರೂ ಎಲ್ ಸಿಕ್ತ್ರಿ?" ಎಂದಳು. ಪಕ್ಕದ ಸೀಟಿನವರು ತಿರುಗಿ ನೋಡಿದರು.

ನಿಮಗೆ ಮೈದಾನ ಬಿಟ್ಟರೆ ಮನೆಯೊಂದಿದೆ ಎಂಬುದು ನೆನಪಿರಲಿಲ್ಲ, ನನ್ನ ನಾಲಿಗೆಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಆ ಜಗಳವನ್ನು ಮತ್ತೆ ಎತ್ತುವುದಿಲ್ಲ. ಆದರೆ ನಮ್ಮಿಬ್ಬರನ್ನು ಒಂದು ಕಡೆ ಕೂರಿಸುವ ಭಾರ ಆ ಹೆಗಲ ಮೇಲೆ ಬೇಡ.

ಈ ಆದಿತ್ಯವಾರ ನಾವು ಕುಂದಾಪುರಕ್ಕೆ ಬರುವುದಿಲ್ಲ. ನೀವು ಇಲ್ಲಿಗೆ ಬನ್ನಿ. ಈ ಮನೆಯ ಹೊಸ್ತಿಲು ನೀವು ತುಳಿದಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಇಳಿದು ಯಾರನ್ನು ಕೇಳಿದರೂ ಸಹಕಾರಿ ಸಂಘದ ಹಿಂದಿನ ಓಣಿ ತೋರಿಸುತ್ತಾರೆ. ಸರಿಯಾದ ಅಳತೆ ಎಷ್ಟೆಂದು ಅವಳಿಗೆ ಹೇಳಿ. ಕೂಟದಿಂದ ಅವಳ ಹೆಸರು ತೆಗೆಸಿ, ಅದನ್ನೂ ಹೇಳಿ. ಕೊನೆಗೆ, ಅವಳು ಎಸೆದರೂ ಎಸೆಯದಿದ್ದರೂ ನಾವಿಬ್ಬರು ಇನ್ನು ಒಂದೇ ಮನೆಯಲ್ಲಿ ಇರುವುದಿಲ್ಲ ಎಂಬುದನ್ನೂ ನೀವೇ ಹೇಳಿ. ಆ ಆಸೆ ಕಡಿದರೆ ಮಾತ್ರ ಅವಳು ಜಾವೆಲಿನ್ ಕೆಳಗಿಡುತ್ತಾಳೆ. ನನ್ನ ಮಾತಿಗಿಂತ ನಿಮ್ಮ ಮಾತನ್ನು ಅವಳು ಕೇಳುತ್ತಾಳೆ.

ಊಟ ಇಲ್ಲೇ ಆಗುತ್ತದೆ.

ಇಂತಿ,
ಸ್ವಾತಿ

ಮತ್ತೊಂದು ಮಾತು: ಆ ಕೊನೆಯ ಮಾತನ್ನು ನಾನೇ ಹೇಳಿಬಿಡೋಣವೆಂದು ನಿನ್ನೆ ಜಡೆ ಹೆಣೆಯುತ್ತ ಬಾಯಿ ತೆರೆದಿದ್ದೆ. "ನಾನೂ ಅಪ್ಪಯ್ಯನೂ ಇನ್ನ್" ಎಂಬಲ್ಲಿಗೆ ಸ್ವರ ನಿಂತುಹೋಯಿತು, ಹೆಣೆದ ಜಡೆಯನ್ನು ಬಿಚ್ಚಿ ಮತ್ತೆ ಹೆಣೆದೆ. ನಿಮಗೂ ಮಾತು ಅದೇ ಜಾಗದಲ್ಲಿ ನಿಂತರೆ, ಅವಳಿಗೆ ಏನೂ ಹೇಳಬೇಡಿ. ಮೊದಲು ನನಗೆ ಹೇಳಿ.